ಎದೆ ತಟ್ಟಿಕೊಂಡ ಕ್ಯಾಚರ್

ಮಾರಿಯೆನ್‌ಫೆಲ್ಡ್, ಮಿನೆಸೋಟ
ಸೋಮವಾರ, ಜೂನ್ 19, 1950

ಒಟ್ಮಾರ್ ಅಣ್ಣ,

ಕ್ಷೇಮಸಮಾಚಾರ ಆಮೇಲೆ. ಮೊದಲು ನನ್ನ ಹೊಟ್ಟೆಯುರಿ ಕೇಳು.

ನಿನ್ನೆ ಬೇಸ್‌ಬಾಲ್ ಆಟದಲ್ಲಿ ಸೇಂಟ್ ಲೀನಸ್ ಊರಿನವರ ಎದುರು ಸೋತೆವು. ಸೋಲು ನಮಗೇನು ಹೊಸದಲ್ಲ, ಸೋತ ರೀತಿ ಕೇಳು. ಕೊನೆಯ ಸುತ್ತು, ಎರಡೂ ತಂಡ ಸಮಸಮ, ಅವರ ಓಟಗಾರ ಮೂರನೆಯ ಬೇಸಿನ ಮೇಲೆ ಕಾಲೂರಿ ಗೆಲುವಿನ ಕೊನೆಯ ಓಟಕ್ಕೆ ಕಾಯುತ್ತಿದ್ದಾನೆ. ಪಿಚರ್ ಆಗಿದ್ದ ನನ್ನ ಮಗ ರೋಮನ್ ದಿಬ್ಬದ ಮೇಲಿಂದ ಚೆಂಡು ಎಸೆದ. ಅಬ್ಬಬ್ಬಾ, ಎಂಥ ಎಸೆತ! ಬ್ಯಾಟು ಹಿಡಿದವನು ಗಾಳಿಗೆ ಹೊಡೆದ. ಆದರೆ ಅವನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ನಮ್ಮ ಕ್ಯಾಚರ್ ಮಹಾಶಯ ಕೈಗವಸನ್ನು ಒಂದು ಕಡೆ ಒಡ್ಡಿದ್ದ, ಚೆಂಡು ಇನ್ನೊಂದು ಕಡೆಯಿಂದ ಹಾದು ಬೇಲಿಗೆ ಬಡಿಯಿತು. ಓಟಗಾರ ಮಾವನ ಮನೆಗೆ ಬರುವವನ ಹಾಗೆ ನಿಧಾನಕ್ಕೆ ನಡೆದು ಬಂದು ಗೆಲುವು ತೆಗೆದುಕೊಂಡು ಹೋದ.

ಆಗ ಆ ಹಾಲ್ವರ್ ನೈಗಾರ್ಡ್ ಏನು ಮಾಡಿದ ಗೊತ್ತೆ? ಎದ್ದು ನಿಂತು, ಮುಖದ ಜಾಲರಿ ತೆಗೆದು, ರೋಮನ್ ಕಡೆ ತಿರುಗಿ ಬಲಗೈಯಿಂದ ಎದೆ ತಟ್ಟಿಕೊಂಡ. ‘ನನ್ನ ತಪ್ಪು’ ಅಂತ. ಇಡೀ ಊರು ನೋಡಿತು. ಅವನು ಲೂಥರನ್, ನಮ್ಮ ಪೂಜೆಗೆ ಬರುವವನಲ್ಲ. ಆದರೆ ನಾವು ಕ್ಯಾಥೊಲಿಕರು ಪ್ರತಿ ಭಾನುವಾರ ಬೆಳಗ್ಗೆ ಮಂಡಿಯೂರಿ, ನನ್ನ ತಪ್ಪು ನನ್ನ ತಪ್ಪು ಎಂದು ಎದೆ ತಟ್ಟಿಕೊಳ್ಳುವ ಜನ. ಹಾಗೆ ತಟ್ಟಿಕೊಂಡವನು ಸುಳ್ಳು ಹೇಳುವುದುಂಟೆ? ಈ ಬೇಸಿಗೆಯಲ್ಲಿ ಅವನು ತಟ್ಟಿಕೊಂಡದ್ದಕ್ಕೆ ಲೆಕ್ಕವೇ ಇಲ್ಲ. ತಪ್ಪು ಮಾಡಿದವನೇ ಒಪ್ಪಿಕೊಂಡ ಮೇಲೆ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ನಾನು ಕೇಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷ ಕ್ಲೆಮೆನ್ಸ್ ಹಾರ್ಟುಂಗ್‌ನ ತಂಗಿಯ ಮಗ ಗ್ರೆಗರ್ ಕಾಲೇಜು ಮುಗಿಸಿ ಬಂದಿದ್ದಾನೆ. ಅಲ್ಲಿ ಕ್ಯಾಚರ್ ಆಗಿದ್ದವನು. ಆಡಿದರೆ ಮೊದಲ ಕ್ಯಾಚರ್ ಆಗಿಯೇ ಆಡುತ್ತೇನೆ, ಇನ್ನೊಬ್ಬನ ಎರಡನೆಯವನಾಗಿ ಬೆಂಚು ಕಾಯುವುದಿಲ್ಲ ಎಂದಿದ್ದಾನೆ. ಹಾಲ್ವರನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಜುಲೈ 13ಕ್ಕೆ ಸಮಿತಿ ಕೂರುತ್ತದೆ. 15ಕ್ಕೆ ಲೀಗಿಗೆ ಹೆಸರು ಕೊಡಬೇಕು. ಇರಲಿ ಅನ್ನುವವರು ಇಬ್ಬರು, ಬೇಡ ಅನ್ನುವವರು ಇಬ್ಬರು. ಐದನೆಯ ಮತ ನಿನ್ನದು. ನಿನ್ನ ಹುಲ್ಲುಗಾವಲನ್ನು ಮೈದಾನಕ್ಕೆ ಬಿಟ್ಟುಕೊಟ್ಟು ಆರೆಗಾನಿಗೆ ಹೋಗುವಾಗ ನೀನು ಕೇಳಿದ್ದು ಅದೊಂದೇ ತಾನೆ. ಯಾವತ್ತಿನ ಹಾಗೆ ನಾನೇ ಸಭೆಯಲ್ಲಿ ಓದುತ್ತೇನೆ. ನಿನ್ನ ಮತ ಬಾರದಿದ್ದರೆ ಕ್ಲೆಮೆನ್ಸ್‌ನ ಮತಕ್ಕೆ ಎರಡರ ಬೆಲೆ.

ಜುಲೈ 23ಕ್ಕೆ ಸೇಂಟ್ ಪಾಲಿನ ದೊಡ್ಡ ತಂಡದಿಂದ ಆಳು ಹುಡುಕುವವನೊಬ್ಬ ರೋಮನ್ ಆಟ ನೋಡಲು ಬರುತ್ತಾನೆ. ನನ್ನ ಮಗನ ಬಾಳು ಆ ಒಂದು ಮಧ್ಯಾಹ್ನದ ಮೇಲೆ ನಿಂತಿದೆ. ನೀನೂ ಕ್ಯಾಚರ್ ಆಗಿದ್ದವನು. ಬೇಜಾರು ಮಾಡಿಕೊಳ್ಳಬೇಡ, ನಿನ್ನದೂ ಬೆಣ್ಣೆ ಸವರಿದ ಕೈಯೇ. ನನ್ನ ಬರ್ನಾರ್ಡನ ಒಳ್ಳೊಳ್ಳೆಯ ಎಸೆತಗಳನ್ನು ಎಷ್ಟು ಬೇಲಿಗೆ ಬಿಟ್ಟೆ ನೀನು! ಗಂಡನಿಗೆ ಆದದ್ದು ಮಗನಿಗೂ ಆಗುವುದು ಬೇಡ.

‘ಬೇಡ’ ಎಂದು ಒಂದು ಸಾಲು ಬರೆದು ಕಳಿಸು.

ನಿನ್ನ ತಂಗಿ,
ಅಲ್ವಿನಾ

---

ಕೂಸ್ ಬೇ, ಆರೆಗಾನ್
ಜೂನ್ 26, 1950

ಅಲ್ವಿನಾ,

ಪತ್ರ ತಲುಪಿತು. ಗರಗಸದ ಕಾರ್ಖಾನೆಯಲ್ಲಿ ಕೆಲಸ ನಡೆದಿದೆ. ಮೈ ಚೆನ್ನಾಗಿದೆ, ನೀನು ಕೇಳದಿದ್ದರೂ ಹೇಳುತ್ತಿದ್ದೇನೆ.

ಮತ ಕೊಡುವ ಮೊದಲು ಕೆಲವು ವಿಷಯ ಗೊತ್ತಾಗಬೇಕು. ಬೈಗುಳ ಸೋಸಿ ಬರೆ.

ಹಾಲ್ವರ್ ಎದೆ ತಟ್ಟಿಕೊಳ್ಳುವುದು ಚೆಂಡು ತಪ್ಪಿದಾಗಲೆಲ್ಲವೋ, ಅಥವಾ ರೋಮನ್ ಎಸೆದಾಗ ಮಾತ್ರವೋ? ಬೇರೆ ಪಿಚರ್ ಇದ್ದ ದಿನ ಅವನ ಆಟ ಹೇಗಿರುತ್ತದೆ? ಎಸೆತ ಹೇಗಿರಬೇಕೆಂದು ಕ್ಯಾಚರ್ ತೊಡೆಗಳ ನಡುವೆ ಬೆರಳಿನ ಸನ್ನೆ ಮಾಡುತ್ತಾನಲ್ಲ, ಒಂದು ಬೆರಳಾದರೆ ನೇರ, ಎರಡಾದರೆ ತಿರುವು, ಅದನ್ನು ಹಾಲ್ವರ್ ಹೇಗೆ ಮಾಡುತ್ತಾನೆ? ಆಟದ ನಡುವೆ ದಿಬ್ಬದವರೆಗೆ ನಡೆದು ಹೋಗುತ್ತಾನೆಯೇ?

ಇನ್ನೊಂದು. ರೋಮನ್‌ನ ಕಣ್ಣು ಹೇಗಿದೆ?

ಒಟ್ಮಾರ್

---

ಮಾರಿಯೆನ್‌ಫೆಲ್ಡ್
ಜುಲೈ 3, 1950

ಅಣ್ಣ,

ಒಂದು ಸಾಲು ಕೇಳಿದರೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಕಳಿಸಿದ್ದೀಯ. ಇರಲಿ, ಉತ್ತರ ತಗೋ. ಓದಿದ ಮೇಲೆ ನಿನಗೇ ನಾಚಿಕೆಯಾಗುತ್ತದೆ.

ಎದೆ ತಟ್ಟಿಕೊಳ್ಳುವುದು ರೋಮನ್ ಎಸೆದಾಗ ಮಾತ್ರ. ಮುದುಕ ಯೂಸ್ಟಸ್ ಎಸೆದ ದಿನ ಚೆಂಡೆಲ್ಲ ಅವನ ಕೈಗವಸಿನಲ್ಲಿ ಗೂಡಿಗೆ ಬಂದ ಹಕ್ಕಿಯ ಹಾಗೆ ಕೂರುತ್ತದೆ. ಇದರ ಅರ್ಥ ಏನು? ಬೇಕೆಂದೇ ನನ್ನ ಮಗನಿಗೆ ಮಾಡುತ್ತಿದ್ದಾನೆ! ನಿನ್ನ ಪ್ರಶ್ನೆಯಿಂದಲೇ ನನಗೆ ಇದು ಹೊಳೆದದ್ದು, ಅಷ್ಟರ ಮಟ್ಟಿಗೆ ಉಪಕಾರವಾಯಿತು.

ಸನ್ನೆಯ ಕಥೆ ಕೇಳಿದರೆ ನಗುತ್ತೀಯ. ಮದುವಣಗಿತ್ತಿಯ ಹಾಗೆ ಬೆರಳಿಗೆಲ್ಲ ಬಿಳಿ ಪಟ್ಟಿ ಸುತ್ತಿಕೊಂಡು ಬರುತ್ತಾನೆ. ಬೆರಳು ನೋವಂತೆ, ಪಾಪ! ಪ್ರತಿದಿನ ಹಾಲಿನ ಕ್ಯಾನು ಎತ್ತಿ ಲಾರಿಗೆ ಹಾಕುವ ಗಂಡಸಿಗೆ ಚೆಂಡು ಹಿಡಿದರೆ ಬೆರಳು ನೋವು. ಅದೂ ಸಾಲದೆ, ಬೇರೆಯವರು ಗುಟ್ಟಾಗಿ ಮಾಡುವ ಸನ್ನೆಯನ್ನು ಇವನು ನೊಣ ಓಡಿಸುವವನ ಹಾಗೆ ಕೈ ಬೀಸಿ ಮಾಡುತ್ತಾನೆ. ಒಮ್ಮೆ ಟೋಪಿ ಮುಟ್ಟುತ್ತಾನೆ, ಒಮ್ಮೆ ಮೊಣಕಾಲು ಬಡಿಯುತ್ತಾನೆ. ಎದುರು ತಂಡದವರಿಗೆ ಕಣ್ಣಿಲ್ಲವೇ? ಎಲ್ಲ ಓದಿಕೊಂಡು, ಯಾವ ಚೆಂಡು ಬರುತ್ತದೆಂದು ತಿಳಿದುಕೊಂಡೇ ಹೊಡೆಯುತ್ತಾರೆ. ದಿಬ್ಬಕ್ಕಂತೂ ಎಡತಾಕುತ್ತಲೇ ಇರುತ್ತಾನೆ. ನಿನ್ನೆ ಮೈದಾನದಲ್ಲಿ ನನ್ನ ಸಾಸೇಜು ಅಂಗಡಿಯ ಮುಂದೆ ನಿಂತವರೊಬ್ಬರು ಕೇಳಿದರು, “ಏನಮ್ಮಾ, ನಿಮ್ಮ ಕ್ಯಾಚರ್ರು ಪಿಚರ್ರಿಗೆ ಹೆಣ್ಣು ನೋಡ್ತಾ ಇದಾನಾ? ಅಷ್ಟೊಂದು ಏನು ಮಾತುಕತೆ?” ನಾನು ತಲೆ ತಗ್ಗಿಸಿಕೊಂಡು ಬ್ರೆಡ್ಡಿಗೆ ಸಾಸಿವೆ ಬಳಿದೆ.

ರೋಮನ್‌ನನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. “ಹಾಲ್ವರಣ್ಣನ್ನ ಬೈಬೇಡಮ್ಮಾ” ಅನ್ನುತ್ತಾನೆ, ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ. ಅಷ್ಟು ಒಳ್ಳೆಯ ಹುಡುಗ, ಕೆಡಿಸಿದವನನ್ನೂ ಬಿಟ್ಟುಕೊಡುವುದಿಲ್ಲ.

ಕಣ್ಣಿನ ವಿಷಯ ನೀನು ಯಾಕೆ ಎತ್ತಿದೆಯೋ ತಿಳಿಯಲಿಲ್ಲ. ನನ್ನ ಮಗನದು ಹದ್ದಿನ ಕಣ್ಣು. ಕನ್ನಡಕ ಹಾಕಿಕೊಂಡ ಪಿಚರ್‌ನನ್ನು ಯಾವ ದೊಡ್ಡ ತಂಡ ತೆಗೆದುಕೊಳ್ಳುತ್ತದೆ? ಅಂಥ ಮಾತು ಈ ಊರಲ್ಲಿ ಯಾರ ಕಿವಿಗೂ ಬೀಳಬಾರದು.

ಮತ ಬೇಗ ಕಳಿಸು.

ಅಲ್ವಿನಾ

---

ಕೂಸ್ ಬೇ
ಜುಲೈ 8, 1950

ಅಲ್ವಿನಾ,

ನಾನು ಕನ್ನಡಕದ ಮಾತೇ ಎತ್ತಿರಲಿಲ್ಲ. ಕಣ್ಣು ಹೇಗಿದೆ ಎಂದಷ್ಟೇ ಕೇಳಿದ್ದೆ.

ಜೊತೆಗಿಟ್ಟ ಚೀಟಿಯಲ್ಲಿ ನನ್ನ ಮತವಿದೆ. ಸಭೆಯಲ್ಲಿ ಹಾಗೆಯೇ ಓದು: ‘ಹಾಲ್ವರ್ ನೈಗಾರ್ಡ್ ಮೊದಲ ಕ್ಯಾಚರ್ ಆಗಿಯೇ ಇರಬೇಕು. ಒಟ್ಮಾರ್ ಬ್ರಿಕ್ಸಿಯಸ್.’

ಕಾರಣ ಸಭೆಗೆ ಬೇಕಿಲ್ಲ. ನಿನಗೂ ಹೇಳುವುದಿಲ್ಲ. ಕ್ಯಾಚರ್ ಮತ್ತು ಪಿಚರ್ ನಡುವಿನ ಮಾತು ದಿಬ್ಬ ಇಳಿದು ಬರಬಾರದು, ನಾನು ಆಡುವಾಗಲೂ ಅದೇ ರೂಢಿ. ನಿನಗೆ ತಿಳಿಯಬೇಕಿದ್ದರೆ ಮಗನನ್ನು ಕೇಳು. ಬೈದು ಕೇಳಬೇಡ. ಪಕ್ಕದಲ್ಲಿ ಕೂತು, ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತು ಯಾವ ತಾರೀಖು ಎಂದು ಕೇಳು. ಎದ್ದು ಹತ್ತಿರ ಹೋಗದೆ ಓದುತ್ತಾನೋ ನೋಡು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ. ಆದರೆ ಹೆಗ್ಗಣವನ್ನು ಮುದ್ದಿಸುವ ಭರದಲ್ಲಿ ಬೆಕ್ಕನ್ನು ಮನೆಯಿಂದ ಅಟ್ಟಬೇಡ. ಬೇರೆ ಯಾರಾದರೂ ಆಗಿದ್ದರೆ ನಿನ್ನ ಮಗನನ್ನು ಇಷ್ಟು ಹೊತ್ತಿಗೆ ಊರ ಮುಂದೆ ಹರಾಜು ಹಾಕಿರುತ್ತಿದ್ದರು. ನಿನ್ನ ಪತ್ರ ಓದುತ್ತ ನನಗೆ ಬಂದ ಸಿಟ್ಟನ್ನು ಮರದ ದಿಮ್ಮಿಗಳ ಮೇಲೆ ತೀರಿಸಿಕೊಂಡೆ. ಆ ಮನುಷ್ಯನಿಗೂ ಹೆಂಡತಿ ಇದ್ದಾಳೆ, ಅವಳೂ ಮೈದಾನದ ಮೆಟ್ಟಿಲ ಮೇಲೆ ಕೂತು ನೀವು ಬೈಯುವುದನ್ನು ಕೇಳುತ್ತಾಳೆ.

ಒಟ್ಮಾರ್

---

ಮಾರಿಯೆನ್‌ಫೆಲ್ಡ್
ಶುಕ್ರವಾರ, ಜುಲೈ 14, 1950

ಅಣ್ಣ,

ಸಭೆ ನಿನ್ನೆ ಮುಗಿಯಿತು. ಅಂಚೆ ತಡವಾಗಿ ನಿನ್ನ ಮತ ಸಮಯಕ್ಕೆ ಸಿಗಲಿಲ್ಲ, ಈ ದಿನ ಬಂತು. ಹಾಗಾಗಿ ಕ್ಲೆಮೆನ್ಸ್‌ನ ಮತಕ್ಕೆ ಎರಡರ ಬೆಲೆ ಬಂದು ಹಾಲ್ವರನನ್ನು ಬಿಟ್ಟದ್ದಾಯಿತು. ಗ್ರೆಗರ್‌ನ ಹೆಸರು ಲೀಗಿಗೆ ಹೋಯಿತು.

ಹಾಲ್ವರ್ ಸಭೆಗೆ ಬಂದಿದ್ದ. ಕ್ಲೆಮೆನ್ಸ್ ಕೇಳಿದ, “ಏನಪ್ಪಾ, ನಿನ್ನ ಕಡೆಯಿಂದ ಏನಾದ್ರೂ ಹೇಳೋದಿದ್ರೆ ಹೇಳು.” ಅವನು ರೋಮನ್‌ನ ಮುಖ ನೋಡಿದ. ರೋಮನ್ ನೆಲ ನೋಡಿದ. “ಏನಿಲ್ಲ” ಅಂದು ಟೋಪಿ ತೆಗೆದುಕೊಂಡು ಹೊರಟುಹೋದ. ತಪ್ಪಿಲ್ಲದವನು ಹೀಗೆ ಸುಮ್ಮನೆ ಹೋಗುತ್ತಾನೆಯೇ? ನನ್ನನ್ನು ಯಾರಾದರೂ ಹಾಗೆ ತೆಗೆದಿದ್ದರೆ ಇಗರ್ಜಿಯ ಗಂಟೆ ತಾನಾಗಿ ಮೊಳಗುವ ಹಾಗೆ ಕೂಗುತ್ತಿದ್ದೆ.

ನಿನ್ನ ಮಾತುಗಳಿಂದ ನನಗೆಷ್ಟು ನೋವಾಗಿದೆ ಗೊತ್ತೆ? ಹೆಗ್ಗಣವಂತೆ! ಬರ್ನಾರ್ಡ್ ಇದ್ದಿದ್ದರೆ ಹೀಗೆ ಬರೆಯುವ ಧೈರ್ಯ ನಿನಗಿರುತ್ತಿತ್ತೆ? ನಿನ್ನ ಪತ್ರ ಓದಿ ಎರಡು ದಿನದಿಂದ ನನಗೆ ಅನ್ನ ಸೇರಿಲ್ಲ. ಸ್ವಂತ ಅಳಿಯನಿಗಿಂತ ಆ ನಾರ್ವೆಯವನು ಹೆಚ್ಚಾದನೇ ನಿನಗೆ?

ಕ್ಯಾಲೆಂಡರಿನ ಆಟವನ್ನು ನಾನು ಆಡುವುದಿಲ್ಲ.

ಅಲ್ವಿನಾ

---

ಕೂಸ್ ಬೇ
ಜುಲೈ 19, 1950

ಅಲ್ವಿನಾ,

ಶುಕ್ರವಾರ ಕೈಗೆ ಬಂದ ಪತ್ರ ಓದಿ ಶುಕ್ರವಾರವೇ ಎರಡು ದಿನದ ಊಟ ಬಿಟ್ಟೆಯಾ? ಚಿಕ್ಕವಳಿದ್ದಾಗಲೂ ನಿನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮಿಠಾಯಿ ಕದ್ದು ತಿಂದು, ಕೇಳುವ ಮೊದಲೇ ನಾನಲ್ಲ ಅನ್ನುತ್ತಿದ್ದೆ.

ಅದರ ಜಗಳ ಆಮೇಲೆ ಆಡೋಣ. ಈಗ ಕೇಳು. ರೋಮನ್‌ಗೆ ಸನ್ನೆ ಕಾಣುತ್ತಿಲ್ಲ. ಬಿಳಿ ಪಟ್ಟಿ, ಕೈ ಬೀಸುವುದು, ದಿಬ್ಬಕ್ಕೆ ನಡೆಯುವುದು, ಎಲ್ಲ ಅದಕ್ಕೇ. ರೂಢಿ ಮುರಿದು ಬಿಚ್ಚಿ ಬರೆಯುತ್ತಿದ್ದೇನೆ, ಯಾಕೆಂದರೆ ಈಗ ಇದು ಬರಿಯ ಮಾನದ ಪ್ರಶ್ನೆಯಲ್ಲ. ತಿರುವು ಬರುತ್ತದೆಂದು ಕೈ ಕೆಳಗೆ ಹಿಡಿದವನ ಮುಖಕ್ಕೆ ವೇಗದ ಚೆಂಡು ಬಂದರೆ ಏನಾಗುತ್ತದೆ ಯೋಚಿಸು. ಹಾಲ್ವರ್ ಪ್ರತಿ ಎಸೆತಕ್ಕೂ ಎರಡಕ್ಕೂ ಸಿದ್ಧನಾಗಿ ಕೂರುತ್ತಿದ್ದ. ಈ ಗ್ರೆಗರ್‌ಗೆ ಗೊತ್ತಿಲ್ಲ.

23ರೊಳಗೆ ರೋಮನ್‌ಗೆ ಕನ್ನಡಕ ಹಾಕಿಸು. ಇಲ್ಲವೇ ಅವನನ್ನು ದಿಬ್ಬ ಹತ್ತಿಸಬೇಡ.

ಒಟ್ಮಾರ್

---

ಮಾರಿಯೆನ್‌ಫೆಲ್ಡ್
ಮಂಗಳವಾರ, ಜುಲೈ 25, 1950

ಅಣ್ಣ,

ನಿನ್ನ ಪತ್ರ ನಿನ್ನೆ ಬಂತು. ಆಟ ಮೊನ್ನೆ ಮುಗಿದಿತ್ತು.

ಈ ಸಲ ನಿಜವಾಗಿಯೂ ಅಂಚೆಯೇ ತಡ. ನಂಬಿದರೆ ನಂಬು, ಬಿಟ್ಟರೆ ಬಿಡು.

ಸೇಂಟ್ ಪಾಲಿನವನು ಒಣಹುಲ್ಲಿನ ಟೋಪಿ ಹಾಕಿಕೊಂಡು ಬಂದಿದ್ದ. ನಾನೇ ಅವನಿಗೆ ಬಿಸಿ ಸಾಸೇಜು, ತಣ್ಣಗಿನ ಬಿಯರು ಕೊಟ್ಟು ಮೊದಲ ಸಾಲಿನಲ್ಲಿ ಕೂರಿಸಿದೆ. ಎರಡನೆಯ ಸುತ್ತಿನಲ್ಲಿ ಮೊದಲ ಚೆಂಡು ಬೇಲಿಗೆ ಹೋಯಿತು. ಗ್ರೆಗರ್ ಎದೆ ತಟ್ಟಿಕೊಳ್ಳಲಿಲ್ಲ. ಎರಡೂ ಕೈ ಮೇಲೆತ್ತಿ ಮೆಟ್ಟಿಲುಗಳ ಕಡೆ ತಿರುಗಿದ, ನೋಡಿ ಇವನನ್ನು ಅನ್ನುವ ಹಾಗೆ. ಮತ್ತೊಂದು ಹೋಯಿತು. ಮುಖದ ಜಾಲರಿ ಕಿತ್ತು ನೆಲಕ್ಕೆ ಹೊಡೆದ. ನಾಲ್ಕನೆಯ ಸುತ್ತಿನಲ್ಲಿ ಅವನು ತಿರುವು ಕೇಳಿದ್ದಾನೆ, ರೋಮನ್ ನೇರ ಎಸೆದಿದ್ದಾನೆ. ಚೆಂಡು ಅವನ ಹೆಗಲ ಮೂಳೆಗೆ ಬಡಿದ ಸದ್ದು ನನ್ನ ಅಂಗಡಿಯವರೆಗೂ ಕೇಳಿತು. ನಾಲ್ಕು ಬೆರಳು ಮೇಲಾಗಿದ್ದರೆ ಗಂಟಲು.

ಅವನು ಬಿದ್ದಲ್ಲಿಂದಲೇ ಇನ್ನೊಂದು ಕೈಯ ಎರಡು ಬೆರಳು ಎತ್ತಿ ಊರಿಗೆಲ್ಲ ಕೇಳುವ ಹಾಗೆ ಕಿರುಚಿದ, “ಎರಡು! ಎರಡು ತೋರಿಸಿದೀನಿ ಕಣೋ! ಕಣ್ಣು ಕಾಣಿಸಲ್ವೇನೋ ಕುರುಡಾ?” ಯಾರೋ ನಕ್ಕರು. ಒಬ್ಬ ನಕ್ಕರೆ ಸಾಕು, ಉಳಿದವರಿಗೆ ಧೈರ್ಯ ಬರುತ್ತದೆ. ಮೆಟ್ಟಿಲ ಮೇಲಿಂದ ಒಬ್ಬ ಬೆರಳೆತ್ತಿ “ಇದು ಎಷ್ಟು ಹೇಳಪ್ಪಾ ರೋಮನ್?” ಅಂದ. ನನ್ನ ಕೈಯಿಂದ ಸಾಸೇಜು ತಿಂದ ಬಾಯಿ ಅದು! ರೋಮನ್ ದಿಬ್ಬದ ಮೇಲೆ ಕಂಬದ ಹಾಗೆ ನಿಂತುಬಿಟ್ಟ. ಇಳಿದು ಬರಲೂ ಇಲ್ಲ.

ಹಾಲ್ವರ್ ಬೇಲಿಯ ಆಚೆ ನಿಂತು ನೋಡುತ್ತಿದ್ದನಂತೆ. ಬೇಲಿ ಹಾರಿ ಬಂದ. ಅಂಪೈರು “ಏಯ್, ನೀನು ತಂಡದವನಲ್ಲ, ಹೊರಗ್ ನಡಿ!” ಎಂದು ಕೂಗಿದ. ಅವನು ತಿರುಗಿ ನೋಡಲಿಲ್ಲ. ದಿಬ್ಬದವರೆಗೆ ನಡೆದು ಹೋಗಿ, ನನ್ನ ಮಗನ ಹೆಗಲ ಮೇಲೆ ಕೈ ಹಾಕಿ, ಕಿವಿಯಲ್ಲಿ ಏನೋ ಹೇಳಿ, ಮೈದಾನದಿಂದ ಹೊರಗೆ ಕರೆದುಕೊಂಡು ಹೋದ.

ಸೇಂಟ್ ಪಾಲಿನವನು ಹೋಗುತ್ತ ನನ್ನ ಅಂಗಡಿಯ ಮುಂದೆ ನಿಂತ. “ಒಳ್ಳೆ ಕೈ ಇದೆ ನಿಮ್ಮ ಹುಡುಗಂಗೆ. ಕನ್ನಡಕ ಯಾಕೆ ಹಾಕಿಸಿಲ್ಲ? ನಮ್ಮ ತಂಡದಲ್ಲೇ ಇಬ್ಬರು ಹಾಕ್ಕೊಂಡು ಎಸೀತಾರಲ್ಲ” ಅಂದ.

ಕನ್ನಡಕ ಇದೆ, ಅಣ್ಣ. ಮಾರ್ಚ್ ತಿಂಗಳಲ್ಲೇ ಮಾಡಿಸಿದ್ದು. ನನ್ನ ಹೊಲಿಗೆ ಯಂತ್ರದ ಖಾನೆಯಲ್ಲಿದೆ. ಮನೆಯಲ್ಲಿ ಬೇಕಾದರೆ ಹಾಕಿಕೋ, ಮೈದಾನದಲ್ಲಿ ಕಂಡರೆ ನಿನ್ನ ಬಾಳು ಮುಗಿಯಿತು ಎಂದು ರೋಮನ್‌ಗೆ ನಾನೇ ಹೇಳಿದ್ದೆ. ಸ್ವಲ್ಪ ಮಸುಕು ಅಷ್ಟೇ ಅಂದುಕೊಂಡಿದ್ದೆ. ಬೆರಳು ಕಾಣದಷ್ಟು ಎಂದು ಅವನು ನನಗೆ ಹೇಳಲಿಲ್ಲ. ಹೇಳಲು ನಾನು ಬಿಟ್ಟಿದ್ದರೆ ತಾನೆ.

ನೇರ ಹಾಲ್ವರನ ಮನೆಗೆ ಹೋದೆ. ಕೇಳಿಯೇ ಬಿಡೋಣ ಅಂತ, ಅಷ್ಟು ಸಿಟ್ಟು ಬಂದಿತ್ತು. ಬಾಗಿಲು ತೆಗೆದವಳು ಅವನ ಹೆಂಡತಿ ಸಿಗ್ನೆ. “ಓಹೋ, ಈಗ ಬಂದ್ರಾ?” ಅಂದಳು. “ಇನ್ನೇನು ಬಾಕಿ ಇದೆ ಕಿತ್ತುಕೊಳ್ಳೋಕೆ? ಬನ್ನಿ, ಒಳಗೆ ಬಂದು ಆ ಕೈ ನೋಡಿ.”

ಅವನು ಬಕೆಟ್ಟಿನ ನೀರಿನಲ್ಲಿ ಬಲಗೈ ಅದ್ದಿಕೊಂಡು ಕೂತಿದ್ದ. ಬಿಳಿ ಪಟ್ಟಿ ಇರಲಿಲ್ಲ. ಎರಡು ಬೆರಳು ಸೊಟ್ಟ, ಒಂದರ ಉಗುರಿಲ್ಲ. ಯಾವ ಕಡೆಯಿಂದ ಬರುತ್ತದೆಂದು ತಿಳಿಯದ ಚೆಂಡಿಗೆ ಬರಿಗೈ ಕೊಟ್ಟು ಕೊಟ್ಟು ಆದದ್ದು. ನಾನು ಅದನ್ನು ಮದುವಣಗಿತ್ತಿಯ ಕೈ ಅಂದಿದ್ದೆ.

“ನಂಗೆ ಯಾಕೆ ಹೇಳ್ಲಿಲ್ಲ?” ಎಂದು ಜೋರು ಮಾಡಿದೆ.

“ನೀವು ಯಾವತ್ತು ಕೇಳಿದ್ರಿ ಅಲ್ವಿನಮ್ಮ? ಬೈದ್ರಿ ಅಷ್ಟೆ.”

“ಹಾಗಂತ ಸುಳ್ಳುಸುಳ್ಳೇ ಎದೆ ತಟ್ಟಿಕೊಳ್ಳೋದಾ? ನಿಮ್ಮಲ್ಲಿ ಅದೆಲ್ಲ ಇಲ್ವೇ ಇಲ್ವಲ್ಲ! ಎಲ್ಲಿ ಕಲಿತೆ?”

ಆಗ ಅವನು ಹೇಳಿದ ಮಾತು ಕೇಳು. “ಇಲ್ಲೇ ಕಲ್ತೆ. ಈ ಊರಿಗೆ ಬರೋ ಮೊದ್ಲು ನಮ್ಮೂರ ತಂಡದಲ್ಲಿ ಹೊಸದಾಗಿ ಆಡ್ತಿದ್ದಾಗ, ಈ ಮೈದಾನದಲ್ಲೇ ನಿಮ್ಮಣ್ಣ ಒಟ್ಮಾರ್ ಅವರು ಮಾಡೋದು ನೋಡಿದ್ದೆ. ಎದುರು ತಂಡದಲ್ಲಿ ಕೂತು ನೋಡಿದ್ರೆ ಎಲ್ಲ ಕಾಣುತ್ತೆ. ಚೆಂಡು ಬಿಟ್ಟೋರು ಅವರಲ್ಲ ಅಂತ ನಮ್ಮ ಬೆಂಚಿಗೆಲ್ಲ ಗೊತ್ತಿತ್ತು.”

ನಾನು ಆ ಮನೆಯಲ್ಲಿ ನೆಲದ ಮೇಲೇ ಕೂತುಬಿಟ್ಟೆ. ಸಿಗ್ನೆ ಕಾಫಿ ಕೊಟ್ಟಳು, ಬೈಯುತ್ತಲೇ.

ಬರ್ನಾರ್ಡ್ ಸಾಯುವವರೆಗೂ ಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ. ನಾನು ಅದನ್ನು ಅಭ್ಯಾಸ ಅಂದುಕೊಂಡಿದ್ದೆ. ನಿನ್ನನ್ನು ತಂಡದಿಂದ ತೆಗೆದ ದಿನ ನಮ್ಮ ಮನೆಯ ಊಟದ ಮೇಜಿನಲ್ಲಿ, ನಿನ್ನ ಎದುರಿಗೇ, ಪೀಡೆ ತೊಲಗಿತು ಅಂದವಳು ನಾನು. ನೀನು ಸೂಪು ಕುಡಿದು ಎದ್ದೆ. ಬರ್ನಾರ್ಡ್ ಆಗಲೂ ನೆಲ ನೋಡಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಈ ಊರು ಎರಡು ಸಲ ಎಮ್ಮೆಗೆ ಬರೆ ಹಾಕಿತು, ಎರಡು ಸಲವೂ ಕಬ್ಬಿಣ ಕಾಯಿಸಿಕೊಟ್ಟವಳು ನಾನೇ.

ಹೌದೋ ಅಲ್ಲವೋ ಎಂದು ಬರೆ. ಬರ್ನಾರ್ಡನಿಗೆ ಸನ್ನೆ ಕಾಣುತ್ತಿರಲಿಲ್ಲ ಅಲ್ಲವೇ? ಅವನಿಗಾಗಿಯೇ ನೀನು ಎದೆ ತಟ್ಟಿಕೊಂಡದ್ದು ಅಲ್ಲವೇ? ಊರು ಬಿಟ್ಟದ್ದೂ ಅದಕ್ಕೇ ಅಲ್ಲವೇ?

ಅಲ್ವಿನಾ

---

ಕೂಸ್ ಬೇ
ಜುಲೈ 31, 1950

ಅಲ್ವಿನಾ,

ಗ್ರೆಗರ್‌ನ ಹೆಗಲು ವಾಸಿಯಾಗುತ್ತದೆ, ಹುಡುಗ ಗಟ್ಟಿ. ರೋಮನ್‌ನ ಕನ್ನಡಕಕ್ಕೆ ಹಿಂದಿನಿಂದ ಎಲಾಸ್ಟಿಕ್ ಪಟ್ಟಿ ಕಟ್ಟು, ಎಸೆಯುವಾಗ ಬೀಳುವುದಿಲ್ಲ. ಹಾಲ್ವರ್ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಲಿ, ತಣ್ಣೀರಿನಲ್ಲಿ ಬೇಡ. ಅನುಭವದಿಂದ ಹೇಳುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ. ಬರ್ನಾರ್ಡ್ ಒಳ್ಳೆಯ ಪಿಚರ್. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ನನ್ನ ಕೈಯೇ ಸರಿ ಇರಲಿಲ್ಲ. ಇಲ್ಲಿ ಮರದ ಕೆಲಸಕ್ಕೆ ಕೂಲಿ ಚೆನ್ನಾಗಿತ್ತು, ಅದಕ್ಕೆ ಬಂದೆ.

ಸತ್ತವನ ಬಗ್ಗೆ ಊರಲ್ಲಿ ಏನೂ ಆಡಬೇಡ.

ಒಟ್ಮಾರ್

---

ಮಾರಿಯೆನ್‌ಫೆಲ್ಡ್
ಸೋಮವಾರ, ಆಗಸ್ಟ್ 7, 1950

ಒಟ್ಮಾರ್ ಅಣ್ಣ,

ಥೂ, ಎಂಥ ಮನುಷ್ಯನಯ್ಯಾ ನೀನು! ಇಷ್ಟಾದ ಮೇಲೂ ಅದೇ ಪಾಠ. ಸುಳ್ಳು ಹೇಳಲು ಬಾರದು ಎಂದು ನನ್ನನ್ನು ಅಣಕಿಸಿದೆಯಲ್ಲ, ನೀನು ಅದನ್ನೇ ಕಸುಬು ಮಾಡಿಕೊಂಡಿದ್ದೀಯ.

ಇಲ್ಲಿ ನಡೆದದ್ದು ಹೇಳುತ್ತೇನೆ. ಗುರುವಾರ ಸಮಿತಿ ಮತ್ತೆ ಕೂತಿತು. ಒಂದು ಸಲ ಬಿಟ್ಟ ಆಟಗಾರನನ್ನು ಅದೇ ವರ್ಷ ಮತ್ತೆ ಸೇರಿಸುವಂತಿಲ್ಲ, ಲೀಗಿನ ಕಟ್ಟಳೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೆ? ಈ ಬೇಸಿಗೆ ಹಾಲ್ವರನಿಗೆ ಹೋಯಿತು. ಅವನಿಗೆ ಮೂವತ್ತಾರು. ಇನ್ನೆಷ್ಟು ಬೇಸಿಗೆ ಉಳಿದಿವೆಯೋ ದೇವರಿಗೇ ಗೊತ್ತು. ಅದನ್ನು ತಿಂದವಳು ನಾನು.

ಕ್ಲೆಮೆನ್ಸ್ ಲೆಕ್ಕಪತ್ರ ಓದುತ್ತಿದ್ದ. ನಾನು ಎದ್ದು ನಿಂತೆ. ನಿನ್ನ ಚೀಟಿ ಸಭೆಯ ಹಿಂದಿನ ದಿನವೇ ಬಂದಿತ್ತು, ನಾನು ಅದನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡೇ ‘ಬರಲಿಲ್ಲ’ ಎಂದು ಸುಳ್ಳಾಡಿದ್ದೆ ಅಂತ ಹೇಳಿ ಅದನ್ನು ಮೇಜಿನ ಮೇಲಿಟ್ಟೆ. ರೋಮನ್‌ನ ಕನ್ನಡಕ ಬಚ್ಚಿಟ್ಟವಳೂ ನಾನೇ ಎಂದೆ. ಆಮೇಲೆ ಎಲ್ಲರ ಮುಂದೆ ಎದೆ ತಟ್ಟಿಕೊಂಡೆ, ಮೂರು ಸಲ.

ಕ್ಲೆಮೆನ್ಸ್ ಮುಸಿಮುಸಿ ನಕ್ಕ. “ಏನ್ ಅಲ್ವಿನಾ, ಇಲ್ಲೇ ಪೂಜೆ ಶುರು ಮಾಡಿದ್ಯಾ?”

“ನಗು ಕ್ಲೆಮೆನ್ಸ್, ನಗು” ಅಂದೆ. “ಈ ತಂಡಕ್ಕೋಸ್ಕರ ಎಷ್ಟು ಸಲ ಎದೆ ತಟ್ಟಿಕೊಂಡಿದಾರೋ, ಅದ್ರಲ್ಲಿ ನಿಜವಾದದ್ದು ಇದೊಂದೇ. ನಿನ್ನ ತಂಗಿ ಮಗನ್ನ ನುಗ್ಗಿಸೋಕೆ ನೀನೂ ತುದಿಗಾಲಲ್ಲಿ ನಿಂತಿದ್ದೆ. ನಿಂಗೂ ಕೈ ಇದೆ, ನಿಂಗೂ ಎದೆ ಇದೆ. ತಟ್ಟಿಕೋ ನೋಡೋಣ!”

ಅವನು ತಟ್ಟಿಕೊಳ್ಳಲಿಲ್ಲ. ಕನ್ನಡಕ ಒರೆಸಿಕೊಂಡ. ಆದರೆ ಮುಂದಿನ ವರ್ಷ ಹಾಲ್ವರನೇ ಮೊದಲ ಕ್ಯಾಚರ್ ಎಂದು ಬರೆದುಕೊಂಡರು, ಯಾರೂ ಎದುರಾಡಲಿಲ್ಲ. ಸತ್ತವನ ಬಗ್ಗೆ ನಾನು ಏನೂ ಹೇಳಲಿಲ್ಲ. ನೀನು ಕೇಳಿಕೊಂಡೆಯಲ್ಲ ಅಂತ, ಅಷ್ಟೇ.

ಸಿಗ್ನೆಗೆ ಹಿತ್ತಲಿನ ರೂಬಾರ್ಬ್ ದಂಟಿನ ಕಡುಬು ಮಾಡಿಕೊಂಡು ಹೋಗಿದ್ದೆ. ತೆಗೆದುಕೊಂಡಳು. ಒಳಗೆ ಕರೆಯಲಿಲ್ಲ. ನಾನಾಗಿದ್ದರೆ ತಟ್ಟೆಯನ್ನೇ ಮುಖಕ್ಕೆ ಎಸೆಯುತ್ತಿದ್ದೆ, ಅದಕ್ಕೆ ಹೋಲಿಸಿದರೆ ಅವಳು ದೇವತೆ.

ನಿನ್ನೆ ಸಂಜೆ ನಿನ್ನ ಹುಲ್ಲುಗಾವಲಿನಲ್ಲಿ ಅವರಿಬ್ಬರೇ ಅಭ್ಯಾಸ ಮಾಡುತ್ತಿದ್ದರು. ರೋಮನ್ ಕನ್ನಡಕ ಹಾಕಿದ್ದ. ಪಟ್ಟಿ ನನ್ನ ಹಳೆಯ ಲಂಗದ ಎಲಾಸ್ಟಿಕ್. ನಾನು ಬೇಲಿಗೆ ಆತುಕೊಂಡು ನೋಡುತ್ತಿದ್ದೆ. ಹಾಲ್ವರ್ ಒಂದು ಬೆರಳು ತೋರಿಸಿದ, ಪಟ್ಟಿ ಇಲ್ಲದ ಸೊಟ್ಟ ಬೆರಳು. ರೋಮನ್ ತಲೆಯಾಡಿಸಿದ. ನೇರ ಎಸೆದ, ಒಡ್ಡಿದ ಕೈಗವಸಿನ ನಟ್ಟನಡುವಿಗೆ. ಚೆಂಡು ಕೈಗವಸಿಗೆ ಬಂದು ಕೂತು, ಹಾಲ್ವರನ ಕೈ ಸೋತು, ಜಾರಿ ಬೇಲಿಯವರೆಗೆ ಉರುಳಿ ಬಂತು. ಈ ಸಲ ಪೂರ್ತಿ ಅವನದೇ ತಪ್ಪು, ಅನುಮಾನವೇ ಇಲ್ಲ. ಬಾಗಿ ಎತ್ತಿಕೊಂಡವಳು ನಾನು.

ತಲೆ ಎತ್ತಿ ನೋಡಿದರೆ ದಿಬ್ಬದ ಮೇಲೆ ನಿಂತ ನನ್ನ ಮಗ ಎದೆ ತಟ್ಟಿಕೊಳ್ಳುತ್ತಿದ್ದಾನೆ!

“ಏಯ್ ಸುಳ್ಳ!” ಎಂದು ಕೂಗಿದೆ. “ಎಲ್ಲಾ ಕಾಣಿಸ್ತು ಕಣೋ ನಂಗೆ!” ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಚೆಂಡು ಹಿಡಿದುಕೊಂಡು ಅಲ್ಲೇ ನಿಂತು ಅತ್ತುಬಿಟ್ಟೆ.

ನಿನ್ನದು ಬೆಣ್ಣೆ ಸವರಿದ ಕೈ ಅಲ್ಲ, ಅಣ್ಣ. ಮುಂದಿನ ಬೇಸಿಗೆಗೆ ಊರಿಗೆ ಬಾ. ಮೊದಲ ಆಟದ ದಿನ ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂತುಕೋ. ಕೂತು, ಆ ಕೈಯನ್ನು ಇನ್ನಾದರೂ ಎದೆಯ ಮೇಲಿಂದ ಇಳಿಸು.

ನಿನ್ನ ತಂಗಿ,
ಅಲ್ವಿನಾ